ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರು

ದೀಪಾವಳಿಯ ಹೊತ್ತಿಗೆ ಹಳೆಯ ಲೆಕ್ಕವನ್ನು ಮುಗಿಸಿ, ಹೊಸ ಖಾತೆಯ ಪುಸ್ತಕಕ್ಕೆ ವಿಭೂತಿ ಪತ್ರೆಗಳನ್ನೇರಿಸಿ ಪೂಜಿಸುವ ವಾಡಿಕೆಯು ನಮ್ಮ ವರ್ತಕ ಭಕ್ತರಲ್ಲಿ ತಲೆತಲಾಂತರದಿಂದ ನಡೆದುಬಂದಿರುವುದಷ್ಟೆ. ಲಾಭನಷ್ಟಗಳನ್ನು ಕೂಡಿ ಕಳೆದ ಮೇಲೆ ಧರ್ಮದ ಹೆಸರಿನಲ್ಲಿ ಬೇರೆಯಾಗಿ ತೆಗೆದಿರಿಸಿದ ಹಣವೊಂದು ಉಳಿಯುತ್ತದೆ. ಆ ಸಮಯದಲ್ಲಿ ಹಲವು ಮಂದಿ ಭಕ್ತರು ಶ್ರೀಮಠಕ್ಕೆ ಬಂದು, ಈ ವರ್ಷದ ಧರ್ಮದ ಹಣವನ್ನು ಯಾವ ಕಾರ್ಯಕ್ಕೆ ಸಲ್ಲಿಸೋಣವೆಂದು ಕೇಳುವುದುಂಟು. ಗುಡಿಗೆ ಕಳಶವೋ, ಜಾತ್ರೆಗೆ ಅನ್ನಸಂತರ್ಪಣೆಯೋ, ಊರಿನ ಶಾಲೆಗೆ ಕೋಣೆಯೋ, ಬಡವಿದ್ಯಾರ್ಥಿಗೆ ಪುಸ್ತಕವೋ, ಕೇಳುವವರ ಸಾಲು ಉದ್ದವಾಗಿರುತ್ತದೆ, ಕೈಯಲ್ಲಿರುವ ಹಣ ಮಾತ್ರ ಒಂದಕ್ಕೆ ಸಾಲುವಷ್ಟೇ ಇರುತ್ತದೆ.

ಈ ಪ್ರಶ್ನೆಯು ಸುಲಭವಾದುದೆಂದು ಯಾರೂ ತಿಳಿಯಬಾರದು. ಈ ಲೇಖಕನು ಬಾಲ್ಯದಲ್ಲಿ ಸಂಸ್ಕೃತಾಭ್ಯಾಸ ಮಾಡಿದ ಪಾಠಶಾಲೆಯಲ್ಲಿ ವರ್ಷಕ್ಕೊಮ್ಮೆ ದಾನಿಗಳೊಬ್ಬರ ಹೆಸರಿನಲ್ಲಿ ಹೋಳಿಗೆಯ ಊಟವಾಗುತ್ತಿತ್ತು. ಆ ದಿನ ನಾವು ಹುಡುಗರು ಉಣ್ಣಲಾರದಷ್ಟು ಬಡಿಸುತ್ತಿದ್ದರು. ಬೇಸಗೆ ಬಂದಿತೆಂದರೆ ಪಾಠಶಾಲೆಯ ಬಾವಿ ಬತ್ತಿಹೋಗಿ, ಮೂರು ಫರ್ಲಾಂಗು ದೂರದ ತೋಟದಿಂದ ಪೂಜೆಗೂ ಅಡಿಗೆಗೂ ನೀರು ಹೊರುವುದೇ ನಮ್ಮ ಮುಂಜಾವಿನ ಪಾಠವಾಗುತ್ತಿತ್ತು. ಒಂದೆರಡು ವರ್ಷಗಳ ಹೋಳಿಗೆಯ ಹಣದಲ್ಲಿ ಆ ಬಾವಿಯನ್ನು ಇನ್ನೆರಡಾಳು ಆಳ ತೋಡಿಸಬಹುದಾಗಿತ್ತೆಂಬುದು ದಾನಿಗಳಿಗೆ ತಿಳಿದಿರಲಿಲ್ಲ, ತಿಳಿಸುವ ಧೈರ್ಯವು ನಮ್ಮ ಉಪಾಧ್ಯಾಯರಿಗೂ ಇರಲಿಲ್ಲ. ದಾನಿಗಳು ಸಜ್ಜನರು, ಅವರ ಭಕ್ತಿಯೂ ನಿಷ್ಕಪಟವಾದುದು. ಆದರೂ ಕೊಡುವ ಮನಸ್ಸು ಬೇರೆ, ಕೊಡತಕ್ಕ ಎಡೆಯನ್ನು ಕಾಣುವ ಕಣ್ಣು ಬೇರೆ. ಈ ಎರಡೂ ಒಬ್ಬರಲ್ಲಿಯೇ ಕೂಡಿಬಂದ ಪುಣ್ಯಪುರುಷರೊಬ್ಬರು ನಮ್ಮ ನಾಡಿನಲ್ಲಿ ಆಗಿಹೋಗಿದ್ದಾರೆ. ಅವರೇ ರಾವ್ ಬಹದ್ದೂರ್ ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರು. ಅವರ ಹೆಸರನ್ನು ಬೆಂಗಳೂರಿಗೆ ಹೋಗಿಬಂದವರೆಲ್ಲರೂ ಕೇಳಿಬಲ್ಲರು. ಚರಿತ್ರೆಯನ್ನು ಬಲ್ಲವರು ಕಡಮೆ.

ತೋಟದಪ್ಪನವರು 1838ರಲ್ಲಿ ಲಿಂಗಾಯತ ಮನೆತನವೊಂದರಲ್ಲಿ ಹುಟ್ಟಿದರು. ಮನೆತನದವರು ಗುಬ್ಬಿಯಲ್ಲಿದ್ದವರು. ತುಮಕೂರಿಗೆ ಪಶ್ಚಿಮದಲ್ಲಿ ಹನ್ನೆರಡು ಮೈಲಿಯಷ್ಟು ದೂರದಲ್ಲಿರುವ ಗುಬ್ಬಿಯು ನಮ್ಮವರಿಗೆ ಅಪರಿಚಿತವಾದ ಊರಲ್ಲ. ಭಾವಚಿಂತಾರತ್ನವನ್ನೂ ವೀರಶೈವಾಮೃತಪುರಾಣವನ್ನೂ ರಚಿಸಿದ ಮಲ್ಲಣಾರ್ಯನು ಆ ಊರಿನವನು. ಗೋಸಲ ಚೆನ್ನಬಸವೇಶ್ವರ ಸ್ವಾಮಿಯ ಸನ್ನಿಧಿಯಿರುವುದೂ ಅಲ್ಲಿಯೇ. ಅದೇ ಸೀಮೆಯ ಎಡೆಯೂರಿನಲ್ಲಿ ತೋಂಟದ ಸಿದ್ಧಲಿಂಗ ಯತೀಶ್ವರರ ಗದ್ದುಗೆಯಿರುವುದರಿಂದ, ಸುತ್ತಣ ಭಕ್ತರ ಮನೆಗಳಲ್ಲಿ ಮಕ್ಕಳಿಗೆ ತೋಟದಪ್ಪ, ತೋಟದಯ್ಯ, ಸಿದ್ಧಲಿಂಗ ಎಂಬ ಹೆಸರುಗಳನ್ನಿಡುವುದು ಇಂದಿಗೂ ಬಳಕೆಯಲ್ಲಿದೆ. ಗುಬ್ಬಿಯು ಭಕ್ತಿಗೆ ಹೇಗೋ ವ್ಯಾಪಾರಕ್ಕೂ ಹಾಗೆಯೇ ಹೆಸರಾಗಿತ್ತು. ಮಲೆನಾಡಿನ ಅಡಕೆಯು ಮೂಡಣ ಸೀಮೆಗೆ ಇಳಿಯುವ ಹಾದಿಯಲ್ಲಿ ಅದೊಂದು ದೊಡ್ಡ ಸಂತೆಯ ಊರು.

ಅವರು ಹುಟ್ಟಿದ ಕಾಲದಲ್ಲಿ ಮೈಸೂರು ಸಂಸ್ಥಾನವು ಇಂಗ್ಲಿಷ್ ಕಮಿಷನರರ ಆಡಳಿತದಲ್ಲಿತ್ತು. 1831ರಲ್ಲಿ ರಾಜ್ಯಭಾರವು ಮುಮ್ಮಡಿ ಕೃಷ್ಣರಾಜ ಒಡೆಯರ ಕೈತಪ್ಪಿತು. 1834ರಿಂದ 1861ರ ವರೆಗೆ ಮಾರ್ಕ್ ಕಬ್ಬನ್ ಎಂಬ ಅಧಿಕಾರಿಯು ಬೆಂಗಳೂರಿನಲ್ಲಿ ಕುಳಿತು ಆಳುತ್ತಿದ್ದನು. ಅವನ ಕಾಲದಲ್ಲಿ 769 ಬಗೆಯ ಚಿಲ್ಲರೆ ತೆರಿಗೆಗಳು ರದ್ದಾದುವೆಂದು ಗೆಜೆಟಿಯರಿನಲ್ಲಿ ದಾಖಲೆಯಿದೆ. ಹೆಜ್ಜೆಹೆಜ್ಜೆಗೂ ಸುಂಕದ ಕಟ್ಟೆಯಿದ್ದ ಹಾದಿಯಲ್ಲಿ ಎತ್ತಿನ ಗಾಡಿಯನ್ನು ಹೊಡೆದು ಬದುಕುತ್ತಿದ್ದ ವರ್ತಕರಿಗೆ ಇದರಿಂದಾದ ಸುಖವನ್ನು ನಾವು ಈಗ ಊಹಿಸಿಕೊಳ್ಳುವುದೂ ಕಷ್ಟ. ರಸ್ತೆಗಳಾದುವು, ಕಾವಲಾಯಿತು, ಒಳನಾಡಿನ ಪೇಟೆಗಳಿಂದ ಹಲವು ಮನೆತನಗಳು ಬೆಂಗಳೂರಿಗೆ ಬಂದು ನೆಲೆಸಿದುವು. ತೋಟದಪ್ಪನವರ ಮನೆಯವರೂ ಅವರು ಚಿಕ್ಕವರಿರುವಾಗಲೇ ಗುಬ್ಬಿಯನ್ನು ಬಿಟ್ಟು ಬೆಂಗಳೂರಿಗೆ ಬಂದು, ಪೇಟೆಯ ಒಳಗಿನ ಮಾಮೂಲು ಪೇಟೆಯಲ್ಲಿ ಅಂಗಡಿಯನ್ನಿಟ್ಟರು. ಬಿಟ್ಟುಬಂದ ಊರಿನ ಹೆಸರೇ ಅವರ ಮನೆಯ ಹೆಸರಾಗಿ ಉಳಿಯಿತು.

ಅಂಗಡಿಯು ಬೆಳೆದು, ತೋಟದಪ್ಪನವರು ಬೆಂಗಳೂರಿನ ಗಣ್ಯ ವರ್ತಕರಲ್ಲಿ ಒಬ್ಬರೆನಿಸಿದರು. ವ್ಯಾಪಾರದ ವಿವರಗಳನ್ನು ಇಲ್ಲಿ ಬೆಳೆಸಬೇಕಾದುದಿಲ್ಲ. ಗಳಿಸಿದವರು ಅವರಂತೆ ಹಲವರಿದ್ದರು.

ಆದರೆ ಅವರ ಮಧ್ಯವಯಸ್ಸಿನಲ್ಲಿ ನಾಡಿಗೊದಗಿದ ಎರಡು ಸಂಗತಿಗಳನ್ನು ಹೇಳದೆ ಮುಂದಿನ ಕಥೆಯು ಅರ್ಥವಾಗದು. ಒಂದು ಕ್ಷಾಮ, ಮತ್ತೊಂದು ಧೂಮಶಕಟ. 1876ರಿಂದ 1878ರ ವರೆಗಿನ ಆ ಮಹಾಕ್ಷಾಮದಲ್ಲಿ ಮೈಸೂರು ಸೀಮೆಯ ಜನ ಹುಳುಗಳಂತೆ ಸತ್ತರು. 1871ರ ಖಾನೇಷುಮಾರಿಯಲ್ಲಿ 50,55,412 ಇದ್ದ ಜನಸಂಖ್ಯೆಯು 1881ರಲ್ಲಿ 41,86,188ಕ್ಕೆ ಇಳಿದಿತ್ತು. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ನಾಡು ಎಂಟು ಲಕ್ಷಕ್ಕೆ ಮೀರಿ ಕುಗ್ಗಿತು. ಹಳ್ಳಿಯನ್ನು ಬಿಟ್ಟ ಜನ ಅನ್ನವಿರುವೆಡೆಯನ್ನು ಹುಡುಕುತ್ತ ಬೆಂಗಳೂರಿನತ್ತ ನಡೆದುಬಂದರು. ಹಾದಿಯಲ್ಲಿಯೇ ಬಿದ್ದವರು ಅದೆಷ್ಟೋ. ಆಗ ತೋಟದಪ್ಪನವರಿಗೆ ನಾಲ್ವತ್ತರ ಸಮೀಪದ ವಯಸ್ಸು. ನಿಲ್ಲಲು ನೆರಳಿಲ್ಲದೆ ಪರಊರಿನ ಬೀದಿಯಲ್ಲಿ ಬಿದ್ದಿರುವ ಮನುಷ್ಯನ ರೂಪವನ್ನು ಆ ತಲೆಮಾರಿನ ಬೆಂಗಳೂರಿಗರೆಲ್ಲರೂ ಕಣ್ಣಾರೆ ಕಂಡವರೇ.

ಬೆಂಗಳೂರಿನಿಂದ ಮೈಸೂರಿಗೆ ರೈಲುದಾರಿಯನ್ನು ಹಾಕುವ ಕೆಲಸವು ಆ ಕ್ಷಾಮದ ದಿನಗಳಲ್ಲಿ ಬಡವರ ಕೂಲಿಗಾಗಿಯೇ ಮೊದಲಾಯಿತು. ಮದರಾಸಿನಿಂದ ಬರುವ ರೈಲು 1864ರಲ್ಲಿಯೇ ದಂಡಿನ ನಿಲ್ದಾಣವನ್ನು ಮುಟ್ಟಿತ್ತು. 1881ರಲ್ಲಿ ರಾಜ್ಯವು ಚಾಮರಾಜ ಒಡೆಯರ ಕೈಗೆ ಮರಳಿ ಬಂದ ಮೇಲೆ ಈ ಕಾರ್ಯವು ಚುರುಕಾಯಿತು. ಮೈಸೂರಿನ ದಾರಿಯು ಮುಗಿದುದಲ್ಲದೆ, 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೂ ಅಲ್ಲಿಂದ ಗುಬ್ಬಿಗೂ ರೈಲು ಓಡಿತು. (ಗುಬ್ಬಿಯ ಹೆಸರನ್ನು ನಾಡಿಗೆಲ್ಲ ಹರಡಿದ ಚೆನ್ನಬಸವೇಶ್ವರ ನಾಟಕ ಸಂಘವು ಹುಟ್ಟಿದುದೂ ಆ ವರ್ಷವೇ.) 1889ರ ಹೊತ್ತಿಗೆ ಆ ದಾರಿಯು ಹರಿಹರವನ್ನು ಮುಟ್ಟಿ, ಉತ್ತರ ಕರ್ಣಾಟಕದ ಸೀಮೆಯೊಡನೆ ಕೂಡಿಕೊಂಡಿತು. ಎತ್ತಿನ ಗಾಡಿಯಲ್ಲಿ ಮೂರು ನಾಲ್ಕು ದಿನ ಹಿಡಿಯುತ್ತಿದ್ದ ಗುಬ್ಬಿಯ ಪ್ರಯಾಣವು ಕೆಲವು ಗಳಿಗೆಗಳ ಮಾತಾಯಿತು.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಹಿಂದಿನ ಕಾಲದ ಪ್ರಯಾಣವು ನಿಧಾನವಾದುದಾದರೂ ಅದಕ್ಕೆ ತಕ್ಕ ಧರ್ಮವ್ಯವಸ್ಥೆಯು ಹಾದಿಯುದ್ದಕ್ಕೂ ಇದ್ದಿತು. ಗಾಡಿಯ ಎತ್ತು ದಣಿಯುವಷ್ಟು ದೂರಕ್ಕೆ ಒಂದು ಛತ್ರ, ಒಂದು ಕಟ್ಟೆ, ಬಾವಿ, ಬೇಸಗೆಯಲ್ಲಿ ಅರವಟ್ಟಿಗೆ, ಭಕ್ತರಿಗೆ ಮಠ. ದಾನಿಗಳು ಇವುಗಳನ್ನು ಕಟ್ಟಿಸಿದುದು ಜನ ನಡೆಯುವ ದಾರಿಯನ್ನು ನೋಡಿಯೇ. ರೈಲು ಬಂದುದರಿಂದ ದಾರಿಯೇ ಬದಲಾಯಿತು. ಹಳೆಯ ಛತ್ರಗಳು ಹಳೆಯ ರಸ್ತೆಗಳ ಮೇಲೆ, ಪೇಟೆಯ ಬಾಗಿಲುಗಳ ಬಳಿ, ದೇವಾಲಯಗಳ ನೆರೆಯಲ್ಲಿ ಉಳಿದುವು. ಪ್ರಯಾಣಿಕರು ಮಾತ್ರ ಈಗ ಊರ ಹೊರಗೆ, ಧರ್ಮಾಂಬುಧಿ ಕೆರೆಯ ಆಚೆಗಿನ ನಿಲ್ದಾಣದಲ್ಲಿ ಇಳಿಯತೊಡಗಿದರು. ರೈಲು ಬೆಳಕನ್ನು ನೋಡಿಕೊಂಡು ಬರುವುದಿಲ್ಲ. ಅಪರಾತ್ರಿಯಲ್ಲಿ ಇಳಿದ ಹಳ್ಳಿಯವನು, ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು, ಗಂಟನ್ನು ತಲೆಯಡಿಗೆ ಇಟ್ಟು, ಬೆಳಗಾಗುವ ವರೆಗೆ ಎಲ್ಲಿರಬೇಕು? ಪೇಟೆಯಲ್ಲಿ ಬಂಧುಗಳಿದ್ದವರ ಮಾತು ಬೇರೆ. ಖಾನಾವಳಿಯಲ್ಲಿ ಉಣ್ಣುವುದೂ ಆ ಕಾಲದ ಆಚಾರವಂತರಿಗೆ ಒಗ್ಗದ ವಿಷಯ. ಕೋರ್ಟಿನ ವ್ಯಾಜ್ಯ, ಆಸ್ಪತ್ರೆ, ಸರಕಾರಿ ಕಚೇರಿ, ಸರಕಿನ ಖರೀದಿ, ಹೀಗೆ ಬೆಂಗಳೂರಿಗೆ ಬರಬೇಕಾದವರ ಸಂಖ್ಯೆಯು ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಅವರಿಗೆ ಒಂದಿರುಳಿನ ನೆರಳು ಯಾವ ದಾನಿಯ ಕಣ್ಣಿಗೂ ಇನ್ನೂ ಬಿದ್ದಿರಲಿಲ್ಲ.

ತೋಟದಪ್ಪನವರಿಗೆ ಮಕ್ಕಳಾಗಲಿಲ್ಲ. ಸಂತಾನವಿಲ್ಲದ ಸಿರಿವಂತನ ಮುಂದೆ ಆ ಕಾಲದಲ್ಲಿ ಇದ್ದ ಸಾಮಾನ್ಯ ಹಾದಿಯೆಂದರೆ ದಾಯಾದಿಗಳಲ್ಲಿ ಒಬ್ಬ ಹುಡುಗನನ್ನು ದತ್ತು ತೆಗೆದುಕೊಳ್ಳುವುದು. ಹಾಗೆ ಮಾಡಿದರೆ ಹೆಸರು ಉಳಿಯುವುದು, ಆಸ್ತಿಯೂ ಮನೆಯಲ್ಲಿಯೇ ಉಳಿಯುವುದು. ಲೋಕವು ಅದನ್ನು ತಪ್ಪೆನ್ನುತ್ತಿರಲಿಲ್ಲ. ತೋಟದಪ್ಪನವರು ತಮ್ಮ ಸಂಪತ್ತನ್ನು ಪ್ರಯಾಣಿಕರಿಗೂ ವಿದ್ಯಾರ್ಥಿಗಳಿಗೂ ಸಲ್ಲಿಸುವುದೆಂದು ನಿಶ್ಚಯಿಸಿದರು. ಇದು ಮರಣಕಾಲದಲ್ಲಿ ವೈರಾಗ್ಯ ಹುಟ್ಟಿ ಮಾಡಿದ ನಿಶ್ಚಯವಲ್ಲವೆಂಬುದನ್ನು ಗಮನಿಸತಕ್ಕದ್ದು. 1897ರಲ್ಲಿ, ತಮ್ಮ ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ಕೈಯಲ್ಲಿ ಬಲವೂ ಅಂಗಡಿಯಲ್ಲಿ ವ್ಯಾಪಾರವೂ ಇರುವಾಗಲೇ, ಅವರು ಬೆಂಗಳೂರು ನಗರದ ರೈಲುನಿಲ್ದಾಣದ ಸಮೀಪದಲ್ಲಿ ಎರಡೂವರೆ ಎಕರೆ ಭೂಮಿಯನ್ನು ರೈಲ್ವೆಯವರಿಂದಲೇ ಕ್ರಯಕ್ಕೆ ಪಡೆದರು.

ಈ ಜಾಗದ ಆಯ್ಕೆಯಲ್ಲಿಯೇ ಅವರ ವಿವೇಕವೆಲ್ಲವೂ ಇದೆಯೆಂದು ನಮಗೆ ತೋರುತ್ತದೆ. ಪೇಟೆಯೊಳಗೆ ಕಟ್ಟಿಸಿದ್ದರೆ ನಿತ್ಯವೂ ತಮ್ಮ ಅಂಗಡಿಗೆ ಬರುವ ಜನರ ಕಣ್ಣಿಗೆ ಬೀಳುತ್ತಿತ್ತು. ಸ್ವಗ್ರಾಮವಾದ ಗುಬ್ಬಿಯಲ್ಲಿ ಕಟ್ಟಿಸಿದ್ದರೆ ಬಂಧುಬಳಗದವರು ಕೊಂಡಾಡುತ್ತಿದ್ದರು. ತೀರ್ಥಕ್ಷೇತ್ರದಲ್ಲಿ ಕಟ್ಟಿಸಿದ್ದರೆ ಪುಣ್ಯವು ಇಮ್ಮಡಿಯೆಂದು ಪುರಾಣ ಹೇಳುವವರು ಹೊಗಳುತ್ತಿದ್ದರು. ಅವರು ಆರಿಸಿದುದು ಕಲ್ಲಿದ್ದಲಿನ ಹೊಗೆ ಮುಸುಕಿದ, ದೇವಾಲಯದ ಮಹಿಮೆಯಾಗಲಿ ತೀರ್ಥದ ಹೆಸರಾಗಲಿ ಇಲ್ಲದ ನಿಲ್ದಾಣದ ನೆರೆಯನ್ನು. ತಮ್ಮ ಊರಿನಲ್ಲಿ, ತಮ್ಮ ಕಾಲದಲ್ಲಿ, ಯಾವ ಎಡೆಯಲ್ಲಿ ಜನ ನಿಜವಾಗಿ ದಿಕ್ಕುಗೆಟ್ಟು ನಿಲ್ಲುತ್ತಿದ್ದರೋ ಆ ಎಡೆಯೇ ಅವರಿಗೆ ಕ್ಷೇತ್ರವಾಯಿತು. ಜಂಗಮವೆಂದರೆ ಚರಿಸುವುದು, ಸ್ಥಾವರವೆಂದರೆ ನಿಂತಿರುವುದು ಎಂದು ನಮ್ಮ ಪಾಠಶಾಲೆಗಳಲ್ಲಿ ಅರ್ಥ ಹೇಳಿಕೊಡುತ್ತೇವೆ. ಚರಿಸುವ ಮನುಷ್ಯನನ್ನು ಕಂಡು ಅವನಿಗಾಗಿ ಸ್ಥಾವರವೊಂದನ್ನು ಕಟ್ಟಿಸಿದ ಈ ವರ್ತಕರು ಆ ಪಾಠವನ್ನು ಬೇರೆ ರೀತಿಯಲ್ಲಿ ಕಲಿತಿದ್ದರೆನ್ನಬೇಕು.

ಬೇರೆಯವರು ಆಗಲೇ ಹೊತ್ತುಕೊಂಡಿರುವ ಕಾರ್ಯಕ್ಕೆ ತಾವೂ ಹೆಗಲು ಕೊಡುವುದು ಒಂದು ರೀತಿ. ಯಾರೂ ಹೊರದಿರುವುದನ್ನು ಹೊರುವುದು ಮತ್ತೊಂದು ರೀತಿ. ಬೆಂಗಳೂರಿಗೆ ಆ ವರ್ಷಗಳಲ್ಲಿ ಬೇಕಾಗಿದ್ದುದು ಛತ್ರವೊಂದೇ ಅಲ್ಲ. ಆದರೆ ನೀರಿಗೆ ಹೆಸರುಘಟ್ಟದ ಕೊಳವೆಗಳು ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿಯೇ ಬಂದಿದ್ದುವು. ರೋಗಿಗಳಿಗಾಗಿ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ಅದೇ 1897ರಲ್ಲಿ ವಿಕ್ಟೋರಿಯಾ ಆಸ್ಪತ್ರೆಗೆ ಅಸ್ತಿಭಾರವನ್ನಿಟ್ಟರು. ಅದು 1900ರಲ್ಲಿ ತೆರೆಯಿತು. ದೊಡ್ಡ ಹಣ ಬೇಡುವ ಇಂಥ ಕಾರ್ಯಗಳಿಗೆ ಸರಕಾರವು ನಿಂತಿತ್ತು. ಪರಊರಿನವನ ಒಂದು ರಾತ್ರಿಯ ವಸತಿಯೂ, ಹಳ್ಳಿಯ ಹುಡುಗನ ಎರಡು ಹೊತ್ತಿನ ಊಟವೂ ಸರಕಾರದ ಲೆಕ್ಕಕ್ಕೆ ಬರುವಂಥವಲ್ಲ. ಅವು ಊರಿನ ಗೃಹಸ್ಥನೊಬ್ಬನ ಶಕ್ತಿಗೆ ಸರಿಯಾಗಿ ಹೊಂದುವಂಥವು.

ಭೂಮಿಯನ್ನು ಕೊಂಡ ಮರುವರ್ಷವೇ, ಎಂದರೆ 1898ರಲ್ಲಿ, ಬೆಂಗಳೂರಿಗೆ ಪ್ಲೇಗು ಮಾರಿ ಬಂದಿತು. ಆ ಮಾರಿಯು ಬಂದುದು ರೈಲಿನ ದಾರಿಯಿಂದಲೇ. ಪೇಟೆಯ ಒತ್ತಾದ ಬೀದಿಗಳಲ್ಲಿ ಮನೆಮನೆಯಲ್ಲೂ ಸಾವು. ಜನ ಅಂಗಡಿಗಳಿಗೆ ಬೀಗ ಹಾಕಿ ಊರ ಹೊರಗಿನ ಗುಡಿಸಲುಗಳಿಗೆ ಓಡಿದರು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದುದು ಈ ಮಾರಿಯ ಕಾರಣದಿಂದ. ಪರಊರಿನಿಂದ ಬಂದ ಪ್ರಯಾಣಿಕನೆಂದರೆ ರೋಗವನ್ನು ಹೊತ್ತು ತಂದವನೋ ಎಂದು ಬಾಗಿಲು ಮುಚ್ಚಿಕೊಳ್ಳುತ್ತಿದ್ದ ಕಾಲವದು. ಅಂಥ ದಿನಗಳಲ್ಲಿ ವ್ಯಾಪಾರವು ಕುಂದಿದುದನ್ನೂ ಜನರ ಭೀತಿಯನ್ನೂ ನೋಡಿ, ಪ್ರಯಾಣಿಕರಿಗೆ ಮನೆ ಕಟ್ಟಿಸುವ ಸಂಕಲ್ಪವನ್ನು ಕೈಬಿಟ್ಟಿದ್ದರೂ ಯಾರೂ ತೋಟದಪ್ಪನವರನ್ನು ದೂರುತ್ತಿರಲಿಲ್ಲ. ಅವರು ಕೈಬಿಡಲಿಲ್ಲ.

ಕಟ್ಟಡವು ಮುಗಿದು 1903ರ ಫೆಬ್ರವರಿ 11ರಂದು ಪ್ರಾರಂಭೋತ್ಸವವಾಯಿತು. ಬಾಗಿಲನ್ನು ತೆರೆದವರು ಶ್ರೀಮನ್ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರವರು. ಅದಕ್ಕೆ ಆರು ತಿಂಗಳ ಹಿಂದೆ, 1902ರ ಆಗಸ್ಟಿನಲ್ಲಿ, ಅವರು ರಾಜ್ಯಾಧಿಕಾರವನ್ನು ವಹಿಸಿಕೊಂಡಿದ್ದರು. ವಯಸ್ಸು ಇನ್ನೂ ಹದಿನೆಂಟು. ಅರುವತ್ತೈದನ್ನು ಸಮೀಪಿಸಿದ್ದ ವರ್ತಕರೂ ಯೌವನದ ಬಾಗಿಲಲ್ಲಿದ್ದ ಮಹಾರಾಜರೂ ಆ ದಿನ ಆ ಹೊಸ ಛತ್ರದ ಅಂಗಳದಲ್ಲಿ ಕೂಡಿ ನಿಂತಿದ್ದುದನ್ನು ನೆನೆದುಕೊಂಡರೆ ಮನಸ್ಸಿಗೆ ಸಂತೋಷವಾಗುತ್ತದೆ. 1905ರಲ್ಲಿ ಮಹಾರಾಜರವರು ತೋಟದಪ್ಪನವರಿಗೆ ಧರ್ಮಪ್ರವರ್ತ ಎಂಬ ಬಿರುದನ್ನು ದಯಪಾಲಿಸಿದರು.

ಆ ಎರಡೂವರೆ ಎಕರೆಯಲ್ಲಿ ಧರ್ಮಕಾರ್ಯಗಳು ಎರಡು. ಒಂದು, ಪ್ರಯಾಣಿಕರ ಧರ್ಮಛತ್ರ. ಇದರ ಬಾಗಿಲು ಎಲ್ಲ ಮತದವರಿಗೂ ತೆರೆದಿತ್ತು. ಮತ್ತೊಂದು, ಉಚಿತ ವಿದ್ಯಾರ್ಥಿನಿಲಯ. ಇದು ಲಿಂಗಾಯತ ವಿದ್ಯಾರ್ಥಿಗಳಿಗೆ ಮೀಸಲಾದುದು. ಒಬ್ಬರೇ ದಾನಿಗಳು ಒಂದೇ ಆವರಣದಲ್ಲಿ ಒಂದನ್ನು ಸಕಲರಿಗೂ ಮತ್ತೊಂದನ್ನು ತಮ್ಮವರಿಗೂ ಇಟ್ಟುದು ಏಕೆಂದು ಈಗಿನ ತರುಣರು ಕೇಳುವುದುಂಟು. ಕೇಳತಕ್ಕ ಪ್ರಶ್ನೆಯೇ. ಅದನ್ನು ಮರೆಮಾಚಿ ಕೇವಲ ಸ್ತೋತ್ರವನ್ನು ಬರೆಯುವುದು ಚರಿತ್ರಕಾರನ ಧರ್ಮವಲ್ಲ.

ಆ ಕಾಲದ ಸ್ಥಿತಿಯನ್ನು ನೋಡಬೇಕು. ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದುದು 1916ರಲ್ಲಿ. ಅದಕ್ಕೆ ಮೊದಲು ನಮ್ಮ ಸೀಮೆಯ ಹುಡುಗರು ಮದರಾಸು ವಿಶ್ವವಿದ್ಯಾನಿಲಯದ ಪರೀಕ್ಷೆಗಳಿಗೆ ಕಟ್ಟುತ್ತಿದ್ದರು, ಮೇಲ್ತರಗತಿಯ ಓದಿಗೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಬರುತ್ತಿದ್ದರು. ಫೀಜು ಕೊಟ್ಟರೆ ಕಾಲೇಜಿನಲ್ಲಿ ಸ್ಥಳ ಸಿಕ್ಕುವುದು. ಊಟ ವಸತಿ ಎಲ್ಲಿ ಸಿಕ್ಕಬೇಕು? ಒಂದು ಜಾತಿಯ ಹುಡುಗನು ಇನ್ನೊಂದು ಜಾತಿಯವರ ಮನೆಯಲ್ಲಿ ಉಣ್ಣುವಂತಿರಲಿಲ್ಲ. ಇನ್ನೊಬ್ಬರು ಉಣಿಸುವಂತೆಯೂ ಇರಲಿಲ್ಲ. ಸ್ನಾನ, ಇಷ್ಟಲಿಂಗಪೂಜೆ, ಆಮೇಲೆ ಪ್ರಸಾದ ಎಂಬ ಕ್ರಮದಲ್ಲಿ ಬೆಳೆದ ಹಳ್ಳಿಯ ಮಗುವಿಗೆ ಬಾಡಿಗೆಯ ಕೋಣೆಯಲ್ಲಿ ಅದಾವುದೂ ನಡೆಯದು. ಓದಬೇಕೆಂಬ ಆಸೆಯಿದ್ದೂ, ಬುದ್ಧಿಯಿದ್ದೂ, ಉಣ್ಣುವ ಎಡೆಯಿಲ್ಲದೆ ಊರಿಗೆ ಹಿಂದಿರುಗಿ ನೇಗಿಲನ್ನೋ ತಕ್ಕಡಿಯನ್ನೋ ಹಿಡಿದವರು ಎಷ್ಟು ಮಂದಿಯೋ. ಅಂದು ಹುಟ್ಟಿದ ವಿದ್ಯಾರ್ಥಿನಿಲಯಗಳು ಒಂದೊಂದು ಸಮಾಜದ ಹೆಸರಿನಲ್ಲಿ ಹುಟ್ಟಿದುದು ಈ ಕಾರಣದಿಂದ. ಪ್ರಯಾಣಿಕನು ಒಂದಿರುಳು ತಂಗಿ ಹೋಗುವವನು, ತನ್ನ ಅಡಿಗೆಯನ್ನು ತಾನೇ ಮಾಡಿಕೊಂಡಾನು. ಅವನಿಗೆ ಬೇಕಾದುದು ಬಾಗಿಲು ಮಾತ್ರ. ವಿದ್ಯಾರ್ಥಿಯು ವರ್ಷಗಟ್ಟಲೆ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವವನು. ಅಂದಿನ ಸಮಾಜವು ಆ ಪಂಕ್ತಿಯನ್ನು ಅಷ್ಟೇ ಅಗಲಕ್ಕೆ ಹಾಸಬಲ್ಲುದಾಗಿತ್ತು. ಪಂಕ್ತಿಯು ಇನ್ನೂ ಅಗಲವಾಗಬೇಕಾಗಿತ್ತೆಂದರೆ ನಾವು ಅಲ್ಲಗಳೆಯುವುದಿಲ್ಲ. ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಹಾಸಿದ್ದ ಪಂಕ್ತಿಯನ್ನು ನಾವೇ ಮಡಿಸಿಟ್ಟುಕೊಂಡೆವೆಂಬ ನಾಚಿಕೆಯು ತೋಟದಪ್ಪನವರೊಬ್ಬರ ಪಾಲಿನದಲ್ಲ, ನಮ್ಮೆಲ್ಲರದು.

ಅದೇ ಕಾಲಕ್ಕೆ ಉತ್ತರ ಕರ್ಣಾಟಕದಲ್ಲಿಯೂ ಇಂಥ ವಿಚಾರವು ಬಲಿತಿತ್ತು. ಗಿಲಗಂಚಿ ಗುರುಸಿದ್ಧಪ್ಪನವರೂ ಅರಟಾಳ ರುದ್ರಗೌಡರೂ 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಗೆ ಮೂಲಪುರುಷರಾದರು. 1904ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳ ಪ್ರೇರಣೆಯಿಂದ ವೀರಶೈವ ಮಹಾಸಭೆಯು ಧಾರವಾಡದಲ್ಲಿ ಕೂಡಿದಾಗ ಅಧ್ಯಕ್ಷರಾಗಿದ್ದ ಸಿರಸಂಗಿಯ ಲಿಂಗರಾಜ ದೇಸಾಯರು, ಸಂತಾನವಿಲ್ಲದ ತಮ್ಮ ಸಂಸ್ಥಾನದ ಆದಾಯವನ್ನು ವಿದ್ಯಾರ್ಥಿಗಳಿಗಾಗಿ ಉಯಿಲು ಬರೆದಿಟ್ಟು 1906ರಲ್ಲಿ ಲಿಂಗೈಕ್ಯರಾದರು. ಆ ಉಯಿಲಿನ ಮೇಲೆ ವ್ಯಾಜ್ಯವೆದ್ದು, ದೇಸಾಯರ ಇಚ್ಛೆಯು ಕೈಗೂಡುವುದಕ್ಕೆ ವರ್ಷಗಳೇ ಹಿಡಿದುವು. ದೇಸಾಯರ ತ್ಯಾಗವು ಕಡಮೆಯಾದುದೆಂದು ಇದರಿಂದ ತಿಳಿಯಬಾರದು. ತಾನು ಹೋದ ಮೇಲೆ ನಡೆಯಲೆಂದು ಬರೆದಿಟ್ಟ ಧರ್ಮಕ್ಕೂ ತಾನು ಕಣ್ಣಾರೆ ನೋಡುತ್ತ ನಡೆಸಿದ ಧರ್ಮಕ್ಕೂ ಇರುವ ಅಂತರವು ಮಾತ್ರ ಇಲ್ಲಿ ಕಾಣಬರುತ್ತದೆ. ಛತ್ರವು ತೆರೆದ ಮೇಲೆ ತೋಟದಪ್ಪನವರು ಏಳು ವರ್ಷ ಬದುಕಿದ್ದರು. ಯಾರು ಬರುತ್ತಾರೆ, ಏನು ಸಾಲದು, ಎಲ್ಲಿ ಸೋರುತ್ತದೆ ಎಂಬುದನ್ನು ದಾನಿಯು ತಾನೇ ನೋಡುವ ಅವಕಾಶವು ಉಯಿಲಿನಲ್ಲಿ ದೊರೆಯುವುದಿಲ್ಲ.

ಕಟ್ಟಡವನ್ನು ಕಟ್ಟಿಸಿಬಿಟ್ಟರೆ ಧರ್ಮವು ನಡೆಯುತ್ತದೆಂಬುದು ನಮ್ಮ ದಾನಿಗಳಲ್ಲಿ ಬಹುಮಂದಿಯ ಭ್ರಮೆ. ನಾಡಿನಲ್ಲೆಲ್ಲ ನೋಡಿರಿ: ಗೋಡೆಯ ಮೇಲೆ ದಾನಿಯ ಹೆಸರಿನ ಕಲ್ಲು ಭದ್ರವಾಗಿದೆ, ಮಾಡು ಕುಸಿದಿದೆ, ಒಳಗೆ ಆಡು ಕಟ್ಟಿದ್ದಾರೆ. ಸುಣ್ಣ ಬಳಿಯುವ ಹಣ, ಕಸ ಗುಡಿಸುವವನ ಸಂಬಳ, ದೀಪದ ಎಣ್ಣೆ, ಇವುಗಳನ್ನು ಕೊಡುವೆನೆಂದು ಮುಂದೆ ಬರುವ ದಾನಿಯು ಅಪೂರ್ವ, ಏಕೆಂದರೆ ಇವುಗಳ ಮೇಲೆ ಹೆಸರು ಕೆತ್ತಿಸುವುದಕ್ಕೆ ಸ್ಥಳವಿಲ್ಲ. ತೋಟದಪ್ಪನವರು ವರ್ತಕರು, ಮೂಲಧನವಿಲ್ಲದ ಅಂಗಡಿಯು ಎಷ್ಟು ದಿನ ನಡೆದೀತೆಂಬುದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರು ತಮ್ಮ ಕೊನೆಯ ದಿನಗಳಲ್ಲಿ ತಮ್ಮ ಆಸ್ತಿಯೆಲ್ಲವನ್ನೂ ಧರ್ಮಕ್ಕೆ ಒಪ್ಪಿಸಿ, ಅದನ್ನು ನಡೆಸುವುದಕ್ಕೆ ಧರ್ಮಸಂಸ್ಥೆಯೊಂದನ್ನು ಏರ್ಪಡಿಸಿದರು. ಛತ್ರವೂ ವಿದ್ಯಾರ್ಥಿನಿಲಯವೂ ವರ್ಷಾವಧಿ ಭಿಕ್ಷೆಗೆ ಹೊರಡದೆ ತಮ್ಮ ಕಾಲಿನ ಮೇಲೆ ತಾವು ನಿಲ್ಲುವುದಕ್ಕೆ ಇದೇ ಆಧಾರವಾಯಿತು.

ಈ ಸಂಸ್ಥೆಗೆ ಮೊದಲ ಅಧ್ಯಕ್ಷರಾಗಿ ಅವರು ಆರಿಸಿದುದು ಕೆ. ಪಿ. ಪುಟ್ಟಣ್ಣಚೆಟ್ಟರನ್ನು. ಮುಂದೆ ಬೆಂಗಳೂರು ನಗರಸಭೆಯ ಅಧ್ಯಕ್ಷರಾಗಿ, ಸರ್ ಎಂಬ ಬಿರುದನ್ನೂ ಪಡೆದು, ನಗರದ ಪುರಭವನಕ್ಕೆ ತಮ್ಮ ಹೆಸರನ್ನಿತ್ತ ಮಹನೀಯರು ಇವರೇ. ಹಣವನ್ನು ಆರಿಸಿ ಕೊಡುವುದಕ್ಕಿಂತಲೂ ಹಣವನ್ನು ಕಾಯುವ ಕೈಯನ್ನು ಆರಿಸುವುದು ಕಷ್ಟವಾದ ಕೆಲಸ. ದಾನಿಯು ಗತಿಸಿದ ಮೇಲೆ ಧರ್ಮದರ್ಶಿಗಳಿಗೆ ಕೇಳುವವರು ಯಾರು? ಬಂಧುಗಳ ನಡುವೆ ಹಂಚಿಕೊಂಡು ಕರಗಿಹೋದ ಧರ್ಮದತ್ತಿಗಳ ಕಥೆಗಳು ಜಿಲ್ಲೆಗೊಂದರಂತೆ ಇವೆ. ತೋಟದಪ್ಪನವರ ದತ್ತಿಯು ಆ ಪಟ್ಟಿಗೆ ಸೇರದೆ ಉಳಿದುದರಲ್ಲಿ ಅವರ ಈ ಆಯ್ಕೆಯ ಪಾಲು ದೊಡ್ಡದು.

1910ರಲ್ಲಿ ಇಂಗ್ಲಿಷ್ ಸರಕಾರವು ಅವರಿಗೆ ರಾವ್ ಬಹದ್ದೂರ್ ಎಂಬ ಬಿರುದನ್ನಿತ್ತು ಗೌರವಿಸಿತು. ಅದೇ ವರ್ಷ ಫೆಬ್ರವರಿಯಲ್ಲಿ ತೋಟದಪ್ಪನವರು ತಮ್ಮ ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು.

ಅವರು ಹೋದ ಮೇಲೆ ನಿಲ್ದಾಣದ ಸುತ್ತಣ ಲೋಕವೇ ಬೇರೆಯಾಯಿತು. ಧರ್ಮಾಂಬುಧಿ ಕೆರೆಯು ಬತ್ತಿಹೋಗಿ, ಅದರ ಅಂಗಳದಲ್ಲಿ ಕೆಂಪೇಗೌಡರ ಹೆಸರಿನ ಬಸ್ ನಿಲ್ದಾಣವಾಯಿತು. ರೈಲು ನಿಲ್ದಾಣಕ್ಕೆ 2016ರಲ್ಲಿ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರನ್ನಿಟ್ಟರು. ಛತ್ರದ ಮುಂದಣ ರಸ್ತೆಯು ತೋಟದಪ್ಪನವರ ಹೆಸರನ್ನು ಹೊತ್ತಿದೆ. ನೂರು ವರ್ಷಗಳ ಹಿಂದೆ ರೈಲಿನವರಿಗಾಗಿ ಆರಿಸಿದ ಜಾಗವು ಬಸ್ಸಿನವರಿಗೂ ಒದಗಿತು. ಈ ಲೇಖಕನು ತನ್ನ ಇಪ್ಪತ್ತನೆಯ ವಯಸ್ಸಿನಲ್ಲಿ ವಿದ್ವತ್ ಪರೀಕ್ಷೆಗೆಂದು ಮೊದಲ ಸಲ ಬೆಂಗಳೂರಿಗೆ ಹೋದಾಗ, ರಾತ್ರಿ ಒಂದು ಗಂಟೆಗೆ ಬಸ್ಸಿನಿಂದಿಳಿದು, ದಾರಿಯಲ್ಲಿ ಚಹ ಮಾರುತ್ತಿದ್ದವನನ್ನು ಎಲ್ಲಿ ತಂಗಬಹುದೆಂದು ಕೇಳಲು, ಆತನು ತಲೆಯೆತ್ತದೆಯೇ ತೋಟದಪ್ಪನ ಛತ್ರದ ಕಡೆಗೆ ಕೈ ತೋರಿಸಿದನು. ಆತನು ಬೇರೆ ಮತದವನು; ತೋಟದಪ್ಪನವರು ಯಾರೆಂದು ಅವನಿಗೆ ತಿಳಿದಿರಲಾರದು. ಹೆಸರು ಮಾತ್ರ ದಾರಿಯ ಗುರುತಾಗಿ ಅವನ ನಾಲಗೆಯ ಮೇಲಿತ್ತು.

ವಿದ್ಯಾರ್ಥಿನಿಲಯದ ಫಲವನ್ನು ಎಣಿಸುವುದು ಛತ್ರದ ಫಲದಷ್ಟು ಸುಲಭವಲ್ಲ. ಅಲ್ಲಿ ಉಂಡು ಓದಿದವರು ವಕೀಲರಾಗಿ, ಉಪಾಧ್ಯಾಯರಾಗಿ, ಅಧಿಕಾರಿಗಳಾಗಿ ನಾಡಿನ ಮೂಲೆಮೂಲೆಗೆ ಹೋದರು. ಅವರಲ್ಲಿ ಒಬ್ಬರ ಮಾತನ್ನು ಮಾತ್ರ ಹೇಳಿ ಈ ಲೇಖನವನ್ನು ನಿಲ್ಲಿಸುವೆವು.

ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರ ಏಪ್ರಿಲ್ 1ರಂದು ಹುಟ್ಟಿದ ಹುಡುಗನೊಬ್ಬನು ತುಮಕೂರಿನಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿ, 1927ರಲ್ಲಿ ಸೆಂಟ್ರಲ್ ಕಾಲೇಜಿನಲ್ಲಿ ಓದುವುದಕ್ಕೆಂದು ಬೆಂಗಳೂರಿಗೆ ಬಂದನು. ಅವನಿಗೆ ವಸತಿಯೂ ಊಟವೂ ದೊರೆತುದು ತೋಟದಪ್ಪನವರ ವಿದ್ಯಾರ್ಥಿನಿಲಯದಲ್ಲಿ. ದಾತೃಗಳು ಲಿಂಗೈಕ್ಯರಾಗಿ ಆಗಲೇ ಹದಿನೇಳು ವರ್ಷಗಳಾಗಿದ್ದುವು. ಅಡಿಗೆಯ ಮನೆಯ ಒಲೆ ಆರಿರಲಿಲ್ಲ. ಆ ವಿದ್ಯಾರ್ಥಿಯು 1930ರಲ್ಲಿ ಸಿದ್ಧಗಂಗೆಯಲ್ಲಿ ಉದ್ದಾನ ಶಿವಯೋಗಿಗಳ ಕೈಯಿಂದ ವಿರಕ್ತಾಶ್ರಮವನ್ನು ಪಡೆದು ಶಿವಕುಮಾರ ಸ್ವಾಮಿಗಳೆನಿಸಿದರು. ಅಲ್ಲಿಂದ ಮುಂದೆ 2019ರ ಜನವರಿ 21ರಂದು ಲಿಂಗೈಕ್ಯರಾಗುವ ವರೆಗೆ, ಸಿದ್ಧಗಂಗೆಯ ಪಂಕ್ತಿಯಲ್ಲಿ ಅವರು ಜಾತಿಯನ್ನು ಕೇಳದೆ ಸಾವಿರಾರು ಮಕ್ಕಳನ್ನು ದಿನದಿನವೂ ಕೂರಿಸಿ ಉಣಿಸಿ ಓದಿಸಿದರು.